ಪ್ಲಗ್ ಯಾಕೆ ಸುಡುತ್ತದೆ? ವೋಲ್ಟ್, ಆಂಪಿಯರ್, ಓಮ್, ವ್ಯಾಟ್‌ಗಳ ಮನೆಲೆಕ್ಕ

ಸ್ವಿಚ್ ಆರಿಸಿ, ಗೀಸರಿನ ದಪ್ಪ ಪ್ಲಗ್ಗನ್ನು ಒಮ್ಮೆ ಸಾಕೆಟ್ಟಿನಿಂದ ಕಿತ್ತು ನೋಡಿ. ಹಿತ್ತಾಳೆಯ ಪಿನ್ನುಗಳಲ್ಲಿ ಒಂದರ ಬುಡ ಕಪ್ಪಾಗಿದೆಯೇ? ಬಿಳಿ ಪ್ಲಾಸ್ಟಿಕ್ ಕಂದು ತಿರುಗಿದೆಯೇ? ಬಹಳಷ್ಟು ಬಚ್ಚಲುಮನೆಗಳಲ್ಲಿ ಹೀಗೇ ಇರುತ್ತದೆ. ಪ್ಲಗ್ ಬದಲಿಸುತ್ತೇವೆ, ಕೆಲವು ತಿಂಗಳಲ್ಲಿ ಹೊಸದೂ ಕಪ್ಪಾಗುತ್ತದೆ. ಮಾಲು ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತೇವೆ. ಆದರೆ ಎಂಸಿಬಿ ಬಿದ್ದಿಲ್ಲ, ನೀರು ಎಂದಿನಂತೆ ಕಾಯುತ್ತಿದೆ. ಎಲ್ಲವೂ ಸರಿಯಿದ್ದಂತೆ ಕಾಣುವಾಗ ಪ್ಲಗ್ ಮಾತ್ರ ಸುಡುವುದು ಏಕೆ?

ಉತ್ತರ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಎರಡು ಲೆಕ್ಕಗಳಲ್ಲಿದೆ. ಪರೀಕ್ಷೆ ಮುಗಿದ ಮೇಲೆ ನಾವು ಅವನ್ನು ಮರೆತುಬಿಡುತ್ತೇವೆ. ಮರೆಯಬಾರದಿತ್ತು. ಯಾವ ವೈರು ಬೇಕು, ಯಾವ ಸಾಕೆಟ್ಟು ಬೇಕು, ಬಿಲ್ ಯಾಕೆ ಏರಿತು, ಪಂಪ್‌ಸೆಟ್ಟಿನ ಕಾಯಿಲ್ ಯಾಕೆ ಸುಟ್ಟಿತು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಹುಡುಕಲು ಹೊರಡಬೇಕಾದದ್ದು ಅಲ್ಲಿಂದಲೇ.

ಮೊದಲ ಲೆಕ್ಕ: ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಗುತ್ತದೆ, ಅದರ ಅಳತೆ ಓಮ್‌ಗಳಲ್ಲಿ. ಎರಡನೆಯದು: ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಅಂದರೆ ಆ ಉಪಕರಣ ಪ್ರತಿ ಸೆಕೆಂಡಿಗೆ ಎಷ್ಟು ಶಕ್ತಿ ತಿನ್ನುತ್ತಿದೆ ಎಂಬುದು. ಮೊದಲನೆಯದನ್ನು ಜರ್ಮನಿಯ ಕೊಲೋನ್ ನಗರದ ಶಾಲಾ ಮೇಷ್ಟರು ಗೆಯಾರ್ಗ್ ಸೈಮನ್ ಓಮ್ 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಕಾಲದ ಬ್ಯಾಟರಿಗಳ ವೋಲ್ಟೇಜು ನಿಮಿಷಕ್ಕೊಂದು ಬಗೆ ಇರುತ್ತಿದ್ದುದರಿಂದ ಅವರು ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಣೆಯ ಒಂದು ತುದಿಯನ್ನು ಕಾಯಿಸಿ, ಇನ್ನೊಂದನ್ನು ತಣ್ಣಗಿರಿಸಿ, ಅದರಿಂದ ಏರಿಳಿತವಿಲ್ಲದ ಪ್ರವಾಹ ಪಡೆದು ಪ್ರಯೋಗ ಮಾಡಿದ್ದರು. ಸ್ವಂತ ನಾಡಿನಲ್ಲಿ ಆ ಕೆಲಸಕ್ಕೆ ಬೆಲೆ ಸಿಗಲು ವರ್ಷಗಳೇ ಬೇಕಾದವು. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಜೇಮ್ಸ್ ಜೂಲ್, ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ತೋರಿಸಿದರು. ನಮ್ಮ ಪ್ಲಗ್ಗಿನ ಕತೆಗೆ ಈ ಇಬ್ಬರೂ ಬೇಕು.

ಗೀಸರಿನ ಮೈಮೇಲಿನ ಚೀಟಿಯನ್ನು ಓದಿ. 230 ವೋಲ್ಟ್, 2000 ವ್ಯಾಟ್ ಎಂದು ಇರುತ್ತದೆ. 2000ವನ್ನು 230ರಿಂದ ಭಾಗಿಸಿದರೆ 8.7 ಆಂಪಿಯರ್. 230ನ್ನು 8.7ರಿಂದ ಭಾಗಿಸಿದರೆ 26.4 ಓಮ್. ಆಂಪಿಯರನ್ನು ಕಂಡುಹಿಡಿಯದೆಯೂ ಓಮ್ ತಿಳಿಯಬಹುದು: ವೋಲ್ಟನ್ನು ಅದರಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಆಯಿತು. ಇದೇ ರೀತಿ 1500 ವ್ಯಾಟಿನ ನೀರು ಕಾಯಿಸುವ ರಾಡು 6.5 ಆಂಪಿಯರ್ ಎಳೆಯುತ್ತದೆ, ಅದರ ರೋಧ 35 ಓಮ್. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ 4.3 ಆಂಪಿಯರ್, 53 ಓಮ್. ವ್ಯಾಟ್ ಹೆಚ್ಚಾದಷ್ಟೂ ಓಮ್ ಕಡಿಮೆಯಾಗುವುದನ್ನು ಗಮನಿಸಿ. ರೋಧ ಹೆಚ್ಚಿದ್ದರೆ ಶಾಖ ಹೆಚ್ಚು ಎಂದು ಅನೇಕರು ತಿಳಿದಿರುತ್ತಾರೆ. ಮನೆಯ ಸಾಕೆಟ್ಟಿನಂತೆ ವೋಲ್ಟೇಜು ಬದಲಾಗದೆ ನಿಂತಿರುವ ಕಡೆ, ನೇರವಾಗಿ ಅದಕ್ಕೆ ಜೋಡಿಸಿದ ಉಪಕರಣದ ಮಟ್ಟಿಗೆ ಅದು ತಿರುಗುಮುರುಗು.

ಈ ಲೆಕ್ಕದಿಂದ ತಕ್ಷಣದ ಉಪಯೋಗವೊಂದಿದೆ. ಗೀಸರ್ ಕಾಯುತ್ತಿಲ್ಲ ಎಂದಾದರೆ ಕರೆಂಟನ್ನು ಪೂರ್ತಿ ಕಡಿದು, ಪ್ಲಗ್ ಕಿತ್ತು, ಮಲ್ಟಿಮೀಟರಿನ ಓಮ್ ಮಾಪನದಲ್ಲಿ ಕಾಯಿಲಿನ ಎರಡು ತುದಿ ಮುಟ್ಟಿಸಿ. 26ರ ಆಸುಪಾಸು ಬಂದರೆ ಕಾಯಿಲ್ ಚೆನ್ನಾಗಿದೆ, ದೋಷ ಥರ್ಮೋಸ್ಟಾಟ್‌ನಲ್ಲೋ ವೈರಿನಲ್ಲೋ ಇದೆ. ಅಂಕಿಯೇ ಬಾರದಿದ್ದರೆ ಕಾಯಿಲ್ ಕಡಿದಿದೆ. ಕಾಯಿಲಿನ ತುದಿಗೂ ಟ್ಯಾಂಕಿನ ಲೋಹದ ಮೈಗೂ ನಡುವೆ ಓಮ್ ಕಾಣಿಸಿದರೆ ಆ ಗೀಸರನ್ನು ಮತ್ತೆ ಹಾಕಲೇಬೇಡಿ. ಕಾಣಿಸದಿದ್ದರೂ ಪೂರ್ತಿ ನಂಬುವಂತಿಲ್ಲ. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಸಿಗದ ಸೋರಿಕೆಯನ್ನು 500 ವೋಲ್ಟಿನ ಮೆಗ್ಗರ್ ಹಿಡಿಯುತ್ತದೆ, ಅದು ಎಲೆಕ್ಟ್ರಿಷಿಯನ್ ಬಳಿ ಇರುತ್ತದೆ. ಕರೆಂಟ್ ಇರುವ ತಂತಿಗೆ ಮಾತ್ರ ಓಮ್ ಮಾಪನವನ್ನು ಯಾವತ್ತೂ ತಾಗಿಸಬಾರದು.

ಚೀಟಿಯಲ್ಲಿ ಬರೆದದ್ದು ನಿಜವೇ ಎಂದು ಪರೀಕ್ಷಿಸಲು ಒಂದು ತಂತಿಯನ್ನೂ ಮುಟ್ಟದ ದಾರಿಯಿದೆ. ನನಗೆ ಬಹಳ ಇಷ್ಟವಾದದ್ದು ಇದು. ನಿಮ್ಮ ಮನೆಯ ಡಿಜಿಟಲ್ ಮೀಟರಿನಲ್ಲಿ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಅದರ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದನ್ನು ಬರೆದಿರುತ್ತಾರೆ. 3200 ಎಂದು ಇದೆ ಎನ್ನಿ. ಒಂದು ಯೂನಿಟ್ ಎಂದರೆ ಸಾವಿರ ವ್ಯಾಟ್ ಒಂದು ಗಂಟೆ, ಅಂದರೆ 36 ಲಕ್ಷ ಜೂಲ್. ಅದನ್ನು 3200ರಿಂದ ಭಾಗಿಸಿದರೆ ಒಂದು ಮಿನುಗಿಗೆ 1125 ಜೂಲ್. ಮನೆಯ ಬೇರೆಲ್ಲವನ್ನೂ ಆರಿಸಿ, ರಾಡನ್ನು ನೀರಿನಲ್ಲಿ ಇಳಿಬಿಟ್ಟ ಮೇಲೆ ಸ್ವಿಚ್ ಹಾಕಿ, ಹತ್ತು ಮಿನುಗಿಗೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ಎಣಿಸಿ. 8.1 ಸೆಕೆಂಡ್ ಬಂತು ಎಂದುಕೊಳ್ಳಿ. 11,250ನ್ನು 8.1ರಿಂದ ಭಾಗಿಸಿದರೆ 1389 ವ್ಯಾಟ್. ಅಯ್ಯೋ, 1500 ಎಂದು ಬರೆದು 111 ವ್ಯಾಟ್ ಮೋಸ ಮಾಡಿದರೇ? ಆ ತೀರ್ಮಾನಕ್ಕೆ ಮುಂಚೆ ಮೀಟರಿನ ಪರದೆಯ ಮೇಲೆ ಸರದಿಯಂತೆ ಬರುವ ಅಂಕಿಗಳಲ್ಲಿ ವೋಲ್ಟೇಜನ್ನೂ ನೋಡಿ. ಬಹಳಷ್ಟು ಮೀಟರುಗಳು ಅದನ್ನು ತೋರಿಸುತ್ತವೆ. ಅಲ್ಲಿ 221 ಇದ್ದರೆ, 221ನ್ನು 221ರಿಂದ ಗುಣಿಸಿ 1389ರಿಂದ ಭಾಗಿಸಿ: 35.2 ಓಮ್. ಚೀಟಿಯ ಪ್ರಕಾರ ಇರಬೇಕಾದದ್ದೂ 35ರ ಚಿಲ್ಲರೆ. ರಾಡು ಪ್ರಾಮಾಣಿಕವಾಗಿದೆ, ವೋಲ್ಟೇಜು ಇಳಿದಿದೆ ಅಷ್ಟೆ.

ವೋಲ್ಟೇಜು ಸ್ವಲ್ಪ ಇಳಿದರೆ ವ್ಯಾಟ್ ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಏಕೆಂದರೆ ಅದು ವೋಲ್ಟಿನ ವರ್ಗವನ್ನು ಅನುಸರಿಸುತ್ತದೆ. 230ರ ಬದಲು 200 ವೋಲ್ಟ್ ಬಂದರೆ 2000 ವ್ಯಾಟಿನ ಗೀಸರ್ 1512 ವ್ಯಾಟಿಗೆ ಕುಸಿಯುತ್ತದೆ. 180ಕ್ಕೆ ಇಳಿದರೆ 1225. ಆಗ ನೀರು ಕಾಯುವುದು ತಡ, ಅದರಿಂದ ಬಿಲ್ ಜಾಸ್ತಿ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು, 0.52 ಯೂನಿಟ್ ಬೇಕು. ಪೂರ್ತಿ ವೋಲ್ಟೇಜಿನಲ್ಲಿ ಅದು 16 ನಿಮಿಷದ ಕೆಲಸ, 200 ವೋಲ್ಟಿನಲ್ಲಿ 21 ನಿಮಿಷದ್ದು. ನಿಮಿಷ ಹೆಚ್ಚಾಯಿತು, ಯೂನಿಟ್ ಬಹುತೇಕ ಅಷ್ಟೇ ಉಳಿಯಿತು. ನೀರು ಕೇಳುವ ಶಾಖ ಬದಲಾಗಲಿಲ್ಲವಲ್ಲ. ಗೃಹಜ್ಯೋತಿಯ 200 ಯೂನಿಟ್ಟಿನ ಗಡಿಯ ಹತ್ತಿರ ಓಡಾಡುತ್ತಿರುವ ಮನೆಯವರು ತಲೆಕೆಡಿಸಿಕೊಳ್ಳಬೇಕಾದದ್ದು ವೋಲ್ಟೇಜಿನ ಬಗ್ಗೆ ಅಲ್ಲ, ಎಷ್ಟು ಬಕೆಟ್ ನೀರು ಎಂಬುದರ ಬಗ್ಗೆ. ದಿನಕ್ಕೆ ಅರ್ಧ ಗಂಟೆ ಉರಿಯುವ ಗೀಸರ್ ತಿಂಗಳಿಗೆ 30 ಯೂನಿಟ್ ನುಂಗುತ್ತದೆ.

ಇಷ್ಟು ಸಲೀಸಾಗಿ ಲೆಕ್ಕ ಒಗ್ಗುವುದು ಶಾಖ ಕೊಡುವ ಸಾಮಾನುಗಳಿಗೆ ಮಾತ್ರ. ಅವುಗಳ ನೈಕ್ರೋಮ್ ತಂತಿ ತಣ್ಣಗಿದ್ದಾಗಲೂ ಕೆಂಪಗೆ ಕಾದಾಗಲೂ ಹೆಚ್ಚುಕಡಿಮೆ ಒಂದೇ ರೋಧ ತೋರಿಸುತ್ತದೆ. ಹಳೆಯ ಬುರುಡೆ ಬಲ್ಬಿನ ಟಂಗ್‌ಸ್ಟನ್ ಹಾಗಲ್ಲ. 100 ವ್ಯಾಟಿನ ಬಲ್ಬು ಉರಿಯುವಾಗ 529 ಓಮ್ ಇರಬೇಕು, ತಣ್ಣಗಿರುವಾಗ ಅಳೆದರೆ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಬರಬಹುದು. ಸ್ವಿಚ್ ಹಾಕಿದ ಕ್ಷಣದಲ್ಲೇ ಬಲ್ಬು ಹೋಗುತ್ತಿದ್ದುದರ ಗುಟ್ಟು ಅಲ್ಲಿದೆ: ಆ ಮೊದಲ ಕ್ಷಣದಲ್ಲಿ ಪ್ರವಾಹ ಹತ್ತು ಪಟ್ಟು ನುಗ್ಗುತ್ತದೆ.

ಫ್ಯಾನು, ಫ್ರಿಜ್ಜು, ಮಿಕ್ಸಿ, ಪಂಪ್‌ಸೆಟ್ಟುಗಳಲ್ಲಿ ಇನ್ನೊಂದು ತೊಡಕು. ಸುರುಳಿ ಸುತ್ತಿದ ಮೋಟಾರಿನಲ್ಲಿ ಪರ್ಯಾಯ ಪ್ರವಾಹ ವೋಲ್ಟೇಜಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಾಗಾಗಿ ವೋಲ್ಟ್ ಮತ್ತು ಆಂಪಿಯರುಗಳನ್ನು ಗುಣಿಸಿದ ಅಂಕಿ ನಿಜವಾದ ವ್ಯಾಟಿಗಿಂತ ದೊಡ್ಡದಾಗಿರುತ್ತದೆ. ಅದನ್ನು ಪವರ್ ಫ್ಯಾಕ್ಟರಿನಿಂದ ಗುಣಿಸಬೇಕು. ಫ್ರಿಜ್ಜಿನ ಕಂಪ್ರೆಸರ್ 1 ಆಂಪಿಯರ್ ಎಳೆಯುತ್ತಿದ್ದು ಪವರ್ ಫ್ಯಾಕ್ಟರ್ 0.7 ಆಗಿದ್ದರೆ ಅದು ತಿನ್ನುವುದು 230 ವ್ಯಾಟ್ ಅಲ್ಲ, 161. ಮೀಟರು ಯೂನಿಟ್ ಎಣಿಸುವುದು ಈ 161ಕ್ಕೇ. ಆದರೆ ವೈರನ್ನು ಕಾಯಿಸುವುದು ಪೂರ್ತಿ 1 ಆಂಪಿಯರ್. ಬಿಲ್ಲಿಗೆ ವ್ಯಾಟ್ ನೋಡಿ, ವೈರಿಗೆ ಆಂಪಿಯರ್ ನೋಡಿ. ಮೋಟಾರಿನ ಸುರುಳಿಯ ಓಮನ್ನು ಮಲ್ಟಿಮೀಟರಿನಲ್ಲಿ ಅಳೆದು, 230ನ್ನು ಅದರಿಂದ ಭಾಗಿಸಿ ಆಂಪಿಯರ್ ಕಂಡುಹಿಡಿಯಲು ಹೋದರೆ ತಪ್ಪು ಉತ್ತರ ಗ್ಯಾರಂಟಿ.

ಕಡಿಮೆ ವೋಲ್ಟೇಜಿನಲ್ಲಿ ಗೀಸರ್ ಮೆತ್ತಗಾಗುತ್ತದೆ, ಪಂಪ್‌ಸೆಟ್ಟು ಮಾತ್ರ ಜೀವಕ್ಕೆ ತಂದುಕೊಳ್ಳುತ್ತದೆ. ಬೋರ್‌ವೆಲ್ಲಿನ ನೀರನ್ನು ಅಷ್ಟೇ ಎತ್ತರಕ್ಕೆ ತಳ್ಳಬೇಕಾದ ಹೊಣೆ ಅದಕ್ಕಿದೆ. ವೋಲ್ಟ್ ಕಡಿಮೆ ಬಂದರೆ ಆಂಪಿಯರ್ ಹೆಚ್ಚಿಸಿಕೊಂಡು ದುಡಿಯುತ್ತದೆ. ಆಂಪಿಯರ್ ಶೇ 20 ಏರಿದರೆ ಸುರುಳಿಯಲ್ಲಿ ಹುಟ್ಟುವ ಶಾಖ ಶೇ 44 ಏರುತ್ತದೆ. ಜೂಲ್ ಕಂಡ ವರ್ಗದ ನಿಯಮ ಇದೇ. ಸ್ಟಾರ್ಟರಿನ ಮೇಲೆ ಆಂಪಿಯರ್ ಮೀಟರ್ ಇದ್ದರೆ ದಯವಿಟ್ಟು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೋಟಾರಿನ ಚೀಟಿಯ ಆಂಪಿಯರಿಗಿಂತ ಮುಳ್ಳು ಮೇಲೇ ನಿಂತಿದ್ದರೆ ಮೋಟಾರ್ ಆರಿಸಿ. ರೀವೈಂಡಿಂಗ್ ಖರ್ಚಿನ ಮುಂದೆ ಒಂದು ಹೊತ್ತಿನ ನೀರು ದೊಡ್ಡದಲ್ಲ. ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ಜೋಡಿಸುವವರಿದ್ದಾರೆ. ಮೋಟಾರನ್ನು ಉಳಿಸುವ ಒಂದೇ ಕಾವಲನ್ನು ಅವರು ಕಿತ್ತುಹಾಕುತ್ತಿದ್ದಾರೆ.

ಈ ವರ್ಗದ ನಿಯಮವನ್ನು ನಮ್ಮ ನಾಡು ಬಹಳ ಹಿಂದೆಯೇ ದೊಡ್ಡ ಪ್ರಮಾಣದಲ್ಲಿ ದುಡಿಸಿಕೊಂಡಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ ವಿದ್ಯುತ್ತನ್ನು ಕಳಿಸಿದ್ದು 35,000 ವೋಲ್ಟಿನಲ್ಲಿ. ಯಾಕೆ ಅಷ್ಟು? ಸರಳವಾಗಿಸಿ ನೋಡಿದರೆ, ಒಂದು ಲಕ್ಷ ವ್ಯಾಟನ್ನು 230 ವೋಲ್ಟಿನಲ್ಲಿ ಕಳಿಸಲು 435 ಆಂಪಿಯರ್ ಬೇಕು, 35,000 ವೋಲ್ಟಿನಲ್ಲಾದರೆ 3 ಆಂಪಿಯರಿಗಿಂತ ಕಡಿಮೆ ಸಾಕು. ಅದೇ ತಂತಿಯಲ್ಲಿ ವ್ಯರ್ಥವಾಗುವ ಶಾಖ 23 ಸಾವಿರ ಪಟ್ಟು ಇಳಿಯುತ್ತದೆ.

ಇನ್ನು ಕಪ್ಪಾದ ಪ್ಲಗ್ಗಿಗೆ ಬರೋಣ. ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿತ ಸಡಿಲವಾಗಿದೆ, ಅಥವಾ ಪ್ಲಗ್ಗಿನ ಸ್ಕ್ರೂ ಸಡಿಲವಾಗಿದೆ. ಪಿನ್ನು ಪೂರ್ತಿ ತಾಗುವ ಬದಲು ಎರಡು ಮೂರು ಚುಕ್ಕೆಗಳಲ್ಲಿ ಮಾತ್ರ ತಾಗುತ್ತಿದೆ. ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತು ಎನ್ನಿ. ಗೀಸರಿನ 26.4ಕ್ಕೆ ಅರ್ಧ ಸೇರಿ 26.9 ಆಯಿತು, ಪ್ರವಾಹ 8.7ರಿಂದ 8.5ಕ್ಕೆ ಇಳಿಯಿತು. ಸಡಿಲ ಜಾಗದಲ್ಲಿ ಹುಟ್ಟುವ ಶಾಖ ಎಷ್ಟು? 8.5ನ್ನು 8.5ರಿಂದ ಗುಣಿಸಿ ಅರ್ಧ ಮಾಡಿ: 36 ವ್ಯಾಟ್. ರೇಡಿಯೋ ರಿಪೇರಿ ಮಾಡುವವರ ಸೋಲ್ಡರಿಂಗ್ ಐರನ್ನು 25 ವ್ಯಾಟಿನದು, ಅದು ಸೀಸವನ್ನು ನೀರಿನಂತೆ ಕರಗಿಸುತ್ತದೆ. ಅದಕ್ಕಿಂತ ಬಲವಾದ ಶಾಖ ನಿಮ್ಮ ಪ್ಲಗ್ಗಿನೊಳಗೆ, ಪ್ಲಾಸ್ಟಿಕ್ಕಿನ ನಡುವೆ, ಗೀಸರ್ ಉರಿಯುವಷ್ಟು ಹೊತ್ತೂ ಕೂತಿರುತ್ತದೆ. ಬಿಸಿಗೆ ಹಿತ್ತಾಳೆಯ ಮೇಲೆ ಕಪ್ಪು ಪೊರೆ ಕಟ್ಟುತ್ತದೆ, ಒಳಗಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ರೋಧ ಮತ್ತೆ ಏರುತ್ತದೆ, ಶಾಖವೂ ಏರುತ್ತದೆ.

ಎಂಸಿಬಿ ಯಾಕೆ ಬೀಳಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ಎಂಸಿಬಿ ನೋಡುವುದು ಆಂಪಿಯರನ್ನು. ಸಡಿಲ ಜೋಡಣೆಯಿಂದ ಆಂಪಿಯರ್ ಹೆಚ್ಚಲಿಲ್ಲ, ಕಡಿಮೆಯಾಯಿತು. ಎಂಸಿಬಿಯ ಕಣ್ಣಿಗೆ ಎಲ್ಲವೂ ಮೊದಲಿಗಿಂತ ಸುರಕ್ಷಿತ! ಎಂಸಿಬಿ ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ನಂಬಿ ಕೂತವರಿಗೆ ಈ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಬಗೆಯ ಬೆಂಕಿಯನ್ನು ಎಂಸಿಬಿ ತಡೆಯಲಾರದು. ನಿಮ್ಮ ಮೂಗು ಮತ್ತು ಕೈಬೆರಳು ತಡೆಯಬಲ್ಲವು. ಗೀಸರ್ ಆರಿಸಿದ ಕೂಡಲೇ, ಒಣಗಿದ ಕೈಯಿಂದ ಪ್ಲಗ್ಗಿನ ಪ್ಲಾಸ್ಟಿಕ್ ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿರುವುದಕ್ಕಿಂತ ಹೆಚ್ಚು ಬಿಸಿಯಿದ್ದರೆ ಪ್ಲಗ್ಗನ್ನೊಂದೇ ಬದಲಿಸಿ ಪ್ರಯೋಜನವಿಲ್ಲ, ಸಾಕೆಟ್ಟನ್ನೂ ಬದಲಿಸಿ. ಹಳೆಯ ಸಾಕೆಟ್ಟಿನ ಸಡಿಲ ಹಿಡಿತವೇ ಹೊಸ ಪ್ಲಗ್ಗನ್ನೂ ಸುಡುತ್ತಿರುವುದು.

ಅದೇ ಅರ್ಧ ಓಮ್ ವೈರಿನಲ್ಲಿ ಹರಡಿಕೊಂಡಿದ್ದರೆ? 1.5 ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಕಿಲೋಮೀಟರಿಗೆ 12 ಓಮ್ ರೋಧ. ಬೋರ್ಡಿನಿಂದ 20 ಮೀಟರ್ ದೂರಕ್ಕೆ ಹೋಗಿ ಬರುವ 40 ಮೀಟರಿನಲ್ಲಿ ಸರಿಸುಮಾರು ಅರ್ಧ ಓಮ್. ಹುಟ್ಟುವುದು ಹೆಚ್ಚುಕಡಿಮೆ ಅಷ್ಟೇ, 35 ವ್ಯಾಟ್, ಆದರೆ ವೈರಿನ ಪ್ರತಿ ಮೀಟರ್ ಉದ್ದಕ್ಕೆ ಒಂದು ವ್ಯಾಟೂ ಬೀಳುವುದಿಲ್ಲ, ಗೋಡೆ ಅದನ್ನು ಹೀರಿಕೊಳ್ಳುತ್ತದೆ. ಹಾಗೆಂದು ಗೀಸರಿಗೆ 1.5ರ ವೈರು ಸಾಕು ಎಂದಲ್ಲ. 16 ಆಂಪಿಯರ್ ಸಾಕೆಟ್ಟಿಗೆ 2.5 ಚದರ ಮಿಲಿಮೀಟರ್, ಎಸಿ ಅಥವಾ ದೊಡ್ಡ ಗೀಸರಿಗೆ 4 ಹಾಕಿಸುವುದು ಒಳ್ಳೆಯ ಪದ್ಧತಿ. 2.5ರ ವೈರಿಗೆ ಕಿಲೋಮೀಟರಿಗೆ ಏಳೂವರೆ ಓಮ್‌ಗಿಂತ ಕಡಿಮೆ.

ಗೋಡೆಯೊಳಗೆ ಅವಿತಿರುವ ಸಡಿಲ ಜೋಡಣೆಯನ್ನೂ ವೋಲ್ಟ್ ಮತ್ತು ಆಂಪಿಯರಿನಿಂದ ಪತ್ತೆ ಹಚ್ಚಬಹುದು. ವೋಲ್ಟ್, ಆಂಪಿಯರ್, ವ್ಯಾಟ್ ಮೂರನ್ನೂ ತೋರಿಸುವ, ಸಾಕೆಟ್ಟಿಗೆ ಸಿಕ್ಕಿಸುವ 16 ಆಂಪಿಯರಿನ ಸಣ್ಣ ಮೀಟರುಗಳು ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಗೀಸರ್ ಆರಿದ್ದಾಗ 229 ವೋಲ್ಟ್, ಹಾಕಿದಾಗ 8.5 ಆಂಪಿಯರಿಗೆ 224 ವೋಲ್ಟ್ ಬಂದರೆ ಬಿದ್ದದ್ದು 5 ವೋಲ್ಟ್. 5ನ್ನು 8.5ರಿಂದ ಭಾಗಿಸಿದರೆ 0.6 ಓಮ್. ಇದು ಒಪ್ಪತಕ್ಕದ್ದು. ಆದರೆ 214ಕ್ಕೆ ಬಿದ್ದರೆ 15 ವೋಲ್ಟ್ ಕಳೆಯಿತು, ಆಂಪಿಯರೂ 8.1ಕ್ಕೆ ಇಳಿಯಿತು. ಸುಮಾರು 1.9 ಓಮ್ ಎಲ್ಲೋ ಕೂತಿದೆ, ಸುಮಾರು 121 ವ್ಯಾಟ್ ದಾರಿಯಲ್ಲೇ ಸುಡುತ್ತಿದೆ. ಅದು ಕಂಬದ ಲೈನಿನಲ್ಲೋ ಮನೆಯೊಳಗೋ? ಇನ್ನೊಬ್ಬರು ಅದೇ ಹೊತ್ತಿಗೆ ಮನೆಯ ಮುಖ್ಯ ಮೀಟರಿನ ವೋಲ್ಟೇಜು ನೋಡಲಿ. ಅಲ್ಲಿ ಬರೀ 3 ವೋಲ್ಟ್ ಇಳಿದಿದ್ದರೆ ಉಳಿದ 12 ವೋಲ್ಟಿನ ದೋಷ ನಿಮ್ಮ ಮನೆಯದು. ಅಲ್ಲೂ 12 ಇಳಿದಿದ್ದರೆ ಬೆಸ್ಕಾಂ, ಹೆಸ್ಕಾಂ ಎಂದು ನಿಮ್ಮೂರಿಗೆ ಯಾವುದೋ ಅದಕ್ಕೆ ದೂರು ಕೊಡಿ. ದೂರಿನಲ್ಲಿ ಈ ಅಂಕಿಗಳನ್ನೇ ಬರೆಯಿರಿ. ‘ಲೋ ವೋಲ್ಟೇಜ್ ಇದೆ’ ಎಂಬ ಒಂದೇ ಸಾಲಿಗಿಂತ ಲೈನ್‌ಮನ್‌ಗೆ ಅದರಿಂದ ಹೆಚ್ಚು ಸುಳಿವು ಸಿಗುತ್ತದೆ.

ಎಕ್ಸ್‌ಟೆನ್ಷನ್ ಬಾಕ್ಸಿನ ವಿಷಯದಲ್ಲೂ ಇದೇ ಗಣಿತ. 6 ಆಂಪಿಯರ್ ಪ್ಲಗ್ಗಿನ ಬಾಕ್ಸಿಗೆ ರಾಡು ಮತ್ತು ಇಸ್ತ್ರಿಪೆಟ್ಟಿಗೆ ಎರಡನ್ನೂ ಹಾಕಿದರೆ 10.9 ಆಂಪಿಯರ್. ಅದರ ತೆಳ್ಳನೆಯ ವೈರು 0.75 ಚದರ ಮಿಲಿಮೀಟರಿನದ್ದಾಗಿದ್ದು 4 ಮೀಟರ್ ಉದ್ದವಿದ್ದರೆ 25 ವ್ಯಾಟ್ ಶಾಖ ವೈರಿನಲ್ಲೇ ಹುಟ್ಟುತ್ತದೆ. ವೈರನ್ನು ಸುತ್ತಿ ಕಟ್ಟಿಟ್ಟಿದ್ದರೆ ಬಿಸಿ ಹೊರಹೋಗಲು ದಾರಿಯಿಲ್ಲ. ಗೋಡೆಯ ಎಂಸಿಬಿ 16ರದ್ದಾಗಿದ್ದರೆ ಈ 10.9 ಅದರ ಲೆಕ್ಕಕ್ಕೇ ಬರುವುದಿಲ್ಲ. ಅಷ್ಟೇಕೆ, 16ರ ಎಂಸಿಬಿ 18 ಆಂಪಿಯರನ್ನು ಒಂದು ಗಂಟೆ ಹೊತ್ತರೂ ಬೀಳಬಾರದು ಎಂಬುದೇ ಅದರ ಮಾನದಂಡ. 23 ಆಂಪಿಯರ್ ದಾಟಿದರೆ ಗಂಟೆಯೊಳಗೆ ಬೀಳಬೇಕು. ಪದೇ ಪದೇ ಬೀಳುತ್ತದೆಂದು 16 ತೆಗೆದು 32 ಹಾಕಿಸಿಕೊಳ್ಳುವುದು ವೈರನ್ನೇ ಫ್ಯೂಸ್ ಮಾಡಿಕೊಂಡಂತೆ.

ಕೊನೆಗೆ ಒಂದು ಲೆಕ್ಕ ಮೈಮೇಲಿನದು. ಒದ್ದೆ ಕೈಯಿಂದ ಒದ್ದೆ ಕಾಲಿನವರೆಗೆ ಮನುಷ್ಯನ ದೇಹದ ರೋಧವನ್ನು 1000 ಓಮ್ ಎಂದು ಹಿಡಿದರೆ 230 ವೋಲ್ಟಿಗೆ 0.23 ಆಂಪಿಯರ್ ಹರಿಯುತ್ತದೆ. ಹೃದಯದ ಲಯ ಕೆಡಿಸಿ ಪ್ರಾಣ ತೆಗೆಯಲು ಅದಕ್ಕಿಂತ ಬಹಳ ಕಡಿಮೆ ಸಾಕು. 16 ಆಂಪಿಯರಿಗೆ ಕಾದು ಕೂತ ಎಂಸಿಬಿಗೆ ಈ 0.23 ಕಾಣುವುದೇ ಇಲ್ಲ. ಇದನ್ನು ಹಿಡಿಯುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ: ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ 0.03 ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತದೆ. ರಾಡು ಬಳಸುವ, ಗೀಸರ್ ಇರುವ ಪ್ರತಿ ಮನೆಗೂ ಅದು ಬೇಕು, ಜೊತೆಗೆ ಸರಿಯಾದ ಅರ್ಥಿಂಗ್ ಕೂಡ. ಈಗಾಗಲೇ ಹಾಕಿಸಿದ್ದರೆ ಅದರ ಮೇಲೆ ಟೆಸ್ಟ್ ಗುಂಡಿಯೊಂದಿದೆ. ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಕರೆಂಟ್ ಹೋಗದಿದ್ದರೆ ಅದನ್ನು ಆ ವಾರವೇ ಬದಲಿಸಿ.